ಹಾಳೆಯ ಹಿಂಬದಿ

ಪತ್ರ ಒಂದೇ ಹಾಳೆಯದು. ಮುಂಬದಿಯಲ್ಲಿ ಇಂಗ್ಲಿಷಿನಲ್ಲಿ ಟೈಪು ಮಾಡಿದ ಹದಿನೆಂಟು ಸಾಲು, ಹಿಂಬದಿಯಲ್ಲಿ ಐದು. ಊರಿನಲ್ಲಿ ರೋಗಿಯನ್ನು ನೋಡಿಕೊಳ್ಳುವ ಡಾಕ್ಟರಿಗೆ ಕೊಡಬೇಕು ಎಂದು ಲಕೋಟೆಯ ಮೇಲೆ ಬರೆದಿತ್ತು. ಬೆಂಗಳೂರಿನ ಆಸ್ಪತ್ರೆಯಿಂದ ನನ್ನ ಅಕ್ಕನನ್ನು ಬಿಡುಗಡೆ ಮಾಡುವಾಗ ಅದನ್ನು ನನ್ನ ಕೈಗೆ ಕೊಟ್ಟಿದ್ದರು. ಅವಳಿಗೆ ರೈಲಿನಲ್ಲಿ ಕೂರುವಷ್ಟು ಶಕ್ತಿ ಬರಲಿ ಎಂದು ಪರಿಚಯದವರ ಮನೆಯಲ್ಲಿ ಮೂರು ರಾತ್ರಿ ಉಳಿದು ಹೊರಟೆವು. ರೈಲು ಬೀರೂರು ದಾಟಿದ ಮೇಲೆ ನಾನು ಲಕೋಟೆ ಒಡೆದೆ.

ಅರವತ್ತರ ದಶಕದ ಮೊದಲ ವರ್ಷಗಳು. ಆಷಾಢ ಏಕಾದಶಿಯ ಮರುದಿನ. ಅಕ್ಕ ಎದುರಿನ ಸೀಟಿನಲ್ಲಿದ್ದಳು. ನನಗಿಂತ ಹನ್ನೊಂದು ವರ್ಷ ದೊಡ್ಡವಳು, ಆಗ ನಲವತ್ತೆರಡು. ಬೆನ್ನು ಹಲಗೆಗೆ ತಾಗದ ಹಾಗೆ ಮುಂದಕ್ಕೆ ಬಾಗಿ, ಬಟ್ಟೆಯ ಗಂಟನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಹಿಂದಿನ ವರ್ಷ ಎಡ ಮೊಲೆಯಲ್ಲಿ ಗಂಟು ಕಂಡು ಆಪರೇಷನ್ ಆಗಿತ್ತು. ಈಗ ಬೆನ್ನು ನೋವೆಂದು ಮತ್ತೆ ಹೋಗಿದ್ದೆವು. ಮೂರು ವಾರ ಇಟ್ಟುಕೊಂಡು ಬೆನ್ನಿಗೆ ಕರೆಂಟು ಕೊಟ್ಟರು. ಎಕ್ಸ್‌ರೇ ಚಿಕಿತ್ಸೆಗೆ ವಾರ್ಡಿನಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರು.

ಮುಂಬದಿಯನ್ನು ಓದಿದೆ. ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ, ಇನ್ನು ಆಪರೇಷನ್ನಾಗಲಿ ಕರೆಂಟಾಗಲಿ ಉಪಯೋಗವಿಲ್ಲ, ಉಳಿದಿರುವುದು ಕೆಲವು ತಿಂಗಳು, ಮನೆಯಲ್ಲೇ ಇಟ್ಟುಕೊಳ್ಳುವುದು ಉತ್ತಮ ಎಂದಿತ್ತು. ಹಾಳೆ ತಿರುಗಿಸಿದೆ. ಹಿಂದಿನ ಐದು ಸಾಲಿನ ಮೇಲೆ ಕಣ್ಣು ಹಾಯಿಸಿದೆ. ಆಹಾರ, ಮಲಬದ್ಧತೆ, ನೋವು ಎಂಬ ಪದಗಳು ಕಂಡವು. ಮಡಚಿ ಜೇಬಿಗಿಟ್ಟುಕೊಂಡೆ.

ಓದುವ ರೀತಿಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ನಾನು ಆಗ ದಾವಣಗೆರೆಯ ಒಂದು ಸಣ್ಣ ಕನ್ನಡ ದಿನಪತ್ರಿಕೆಯಲ್ಲಿ ಉಪಸಂಪಾದಕ, ಸೇರಿ ನಾಲ್ಕು ವರ್ಷವಾಗಿತ್ತು. ಇಂಗ್ಲಿಷಿನಲ್ಲಿ ಬಂದ ಸುದ್ದಿಯನ್ನು ಕನ್ನಡಕ್ಕೆ ಮಾಡುವುದು, ಪುಟದ ಜಾಗಕ್ಕೆ ಸರಿಯಾಗಿ ಕತ್ತರಿಸುವುದು ನನ್ನ ಕೆಲಸ. ಸುದ್ದಿ ಬರೆಯುವವರು ಮುಖ್ಯವಾದದ್ದನ್ನು ಮೊದಲು ಬರೆಯುತ್ತಾರೆ, ಕೆಳಗೆ ಹೋದಂತೆ ಮಹತ್ವ ಇಳಿಯುತ್ತದೆ. ಆದ್ದರಿಂದ ಕತ್ತರಿಸುವುದು ಯಾವಾಗಲೂ ಕೆಳಗಿನಿಂದ. ನಮ್ಮ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರ ಮೇಸ್ತ್ರಿ ಒಬ್ಬರಿದ್ದರು. ಜಾಗ ಸಾಲದಿದ್ದಾಗ ಅವರು ಒಳಗಿನಿಂದಲೇ ಕೂಗುತ್ತಿದ್ದರು.

"ಸಾಮೀ, ನಾಲ್ಕು ಸಾಲು ಜಾಸ್ತಿ ಐತೆ. ತಲೆ ಮುಟ್ಟಬ್ಯಾಡ್ರಿ, ಬಾಲ ಕಡೀರಿ."

ನಾನು ಬಾಲ ಕಡಿಯುತ್ತಿದ್ದೆ. ನಾಲ್ಕು ವರ್ಷದಲ್ಲಿ ಕಣ್ಣಿಗೇ ಆ ಅಭ್ಯಾಸವಾಗಿತ್ತು. ಯಾವುದೇ ಬರಹದ ಮೇಲಿನ ಅರ್ಧ ನೋಡಿ ವಿಷಯ ಇಷ್ಟು ಎಂದು ತೀರ್ಮಾನಿಸುತ್ತಿದ್ದೆ. ಸಾಮಾನ್ಯವಾಗಿ ಅದು ಸರಿಯಾಗಿಯೇ ಇರುತ್ತಿತ್ತು.

"ಏನು ಬರ್ದಾರ?" ಅಕ್ಕ ಕೇಳಿದಳು.

"ಕರೆಂಟು ಸರಿಯಾಗಿ ಬಿದ್ದೈತಂತೆ. ಗಡ್ಡೆ ಕರಗಬೇಕು, ಟೈಮು ಹಿಡೀತೈತೆ."

"ಅಷ್ಟುದ್ದ ಕಾಗದದಾಗ ಇಷ್ಟೇ ಐತೇನು?"

"ಡಾಕ್ಟ್ರು ಉದ್ದ ಬರೀತಾರ. ನಾವು ಪೇಪರಿನೋರು ಚಿಕ್ಕದು ಮಾಡ್ತೀವಿ."

ಅವಳು ನಕ್ಕಳು. ನಕ್ಕದ್ದಕ್ಕೆ ಬೆನ್ನಿಗೆ ನೋವಾಗಿರಬೇಕು, ಅರ್ಧಕ್ಕೆ ನಿಲ್ಲಿಸಿದಳು.

ಹರಿಹರದ ಸ್ಟೇಷನ್ನಿನಲ್ಲಿ ಭಾವ ಕಾದಿದ್ದರು. ಅವರು ಅದೇ ಸ್ಟೇಷನ್ನಿನಲ್ಲಿ ಗೂಡ್ಸ್ ಕ್ಲರ್ಕು. ಕಡಿಮೆ ಮಾತಿನ ಮನುಷ್ಯ. ಅವರಿಬ್ಬರಿಗೆ ಮಕ್ಕಳಿರಲಿಲ್ಲ. ಅಕ್ಕನನ್ನು ಟಾಂಗಾದಲ್ಲಿ ಕೂರಿಸಿ, ಸಾಮಾನು ಇಳಿಸಿಕೊಳ್ಳುವ ನೆಪದಲ್ಲಿ ನಾವು ಪ್ಲಾಟ್‌ಫಾರಮ್ಮಿನ ತುದಿಗೆ ಹೋದೆವು. ಮುಂಬದಿಯಲ್ಲಿದ್ದದ್ದನ್ನು ಹೇಳಿದೆ. ಭಾವ ಕೇಳಿಸಿಕೊಂಡರು. ಕೈಯಲ್ಲಿದ್ದ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು.

"ಆಕೆಗೆ ಹೇಳೋದು ಬ್ಯಾಡ," ಎಂದರು.

"ಬ್ಯಾಡ," ಎಂದೆ.

ಆಗಿನ ಪದ್ಧತಿಯೇ ಅದು. ಈ ರೋಗದ ಹೆಸರನ್ನು ರೋಗಿಯ ಮುಂದೆ ಯಾರೂ ಎತ್ತುತ್ತಿರಲಿಲ್ಲ. ಎತ್ತಿದರೆ ಧೈರ್ಯ ಕುಂದಿ ಬೇಗ ಸಾಯುತ್ತಾರೆ ಎಂಬ ನಂಬಿಕೆ. ಮನೆಯವರು ಗಡ್ಡೆ ಎನ್ನುತ್ತಿದ್ದರು, ಹುಣ್ಣು ಎನ್ನುತ್ತಿದ್ದರು. ನಮ್ಮ ಪತ್ರಿಕೆಯ ನಿಧನವಾರ್ತೆಗಳಲ್ಲಿ ಅದು ಅಲ್ಪಕಾಲದ ಅಸ್ವಸ್ಥತೆ. ಎರಡು ವರ್ಷ ನರಳಿದವರಿಗೂ ನಾನೇ ಹಾಗೆ ಬರೆದಿದ್ದೇನೆ.

ಆ ಪದ್ಧತಿಯಿಂದ ಇನ್ನೊಂದು ತೀರ್ಮಾನ ಹುಟ್ಟಿತು. ಹರಿಹರದಲ್ಲಿ ಅಕ್ಕನನ್ನು ನೋಡುತ್ತಿದ್ದ ಡಾಕ್ಟರು ಒಳ್ಳೆಯವರು. ಆದರೆ ಅವರ ಹೆಂಡತಿ ಅಕ್ಕನ ಗೆಳತಿ, ವಾರಕ್ಕೆರಡು ಸಲ ಬಂದು ಕೂರುವವರು. ಡಾಕ್ಟರಿಗೆ ಪತ್ರ ಕೊಟ್ಟರೆ ಹೆಂಡತಿಗೆ ತಿಳಿಯುತ್ತದೆ, ಹೆಂಡತಿಗೆ ತಿಳಿದರೆ ಅಕ್ಕನಿಗೆ ತಿಳಿಯುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಪತ್ರವನ್ನು ದಾವಣಗೆರೆಗೆ ತಂದು ಆಫೀಸಿನ ಮೇಜಿನ ಡ್ರಾಯರಿನಲ್ಲಿ, ಹಳೆಯ ಪ್ರೂಫುಗಳ ಅಡಿಯಲ್ಲಿ ಇಟ್ಟೆ. ಡಾಕ್ಟರಿಗೆ ಬಾಯಲ್ಲಿ ಹೇಳಿದೆ: ಕರೆಂಟು ಕೊಟ್ಟಿದ್ದಾರೆ, ನಿಶ್ಶಕ್ತಿಗೆ ಏನಾದರೂ ಕೊಡಬೇಕಂತೆ. ಅವರು ಟಾನಿಕ್ಕು ಬರೆದರು. ಬೆನ್ನಿಗೆ ಎ.ಪಿ.ಸಿ. ಮಾತ್ರೆ ಬರೆದರು. ತಲೆನೋವಿಗೂ ಜ್ವರಕ್ಕೂ ಎಲ್ಲರ ಮನೆಯಲ್ಲೂ ಇರುತ್ತಿದ್ದ ಬಿಳಿ ಮಾತ್ರೆ ಅದು.

ನನಗೆ ಭಾನುವಾರ ರಜೆ. ಬೆಳಗಿನ ಪ್ಯಾಸೆಂಜರಿಗೆ ಹರಿಹರಕ್ಕೆ ಹೋಗಿ ಸಂಜೆ ವಾಪಸಾಗುತ್ತಿದ್ದೆ. ಅರ್ಧ ಗಂಟೆಯ ದಾರಿ. ಆ ಭಾನುವಾರಗಳಲ್ಲಿ ಕಂಡದ್ದು ಇಷ್ಟು. ಮೊದಲ ವಾರ ಅಕ್ಕ ಅಡಿಗೆ ಮಾಡುತ್ತಿದ್ದಳು. ಎರಡನೆಯ ವಾರ ಭಾವ ಮಾಡುತ್ತಿದ್ದರು, ಅವಳು ಹೇಳಿಕೊಡುತ್ತಿದ್ದಳು. ನಾಲ್ಕನೆಯ ವಾರ ಹೇಳಿಕೊಡುವುದನ್ನು ಬಿಟ್ಟಿದ್ದಳು. ಕೈ ಮೇಲೆತ್ತಲಾಗದೆ ಜಡೆ ಹಾಕಿಕೊಳ್ಳುವುದು ನಿಂತಿತು, ಕೂದಲನ್ನು ಗಂಟು ಕಟ್ಟಿ ಬಿಟ್ಟಿದ್ದಳು. ಮಲಗಲು ಆಗುತ್ತಿರಲಿಲ್ಲ. ಮುಂದೆ ಸ್ಟೂಲು, ಸ್ಟೂಲಿನ ಮೇಲೆ ದಿಂಬು, ದಿಂಬಿನ ಮೇಲೆ ಹಣೆ. ಹಾಗೆ ಕೂತೇ ರಾತ್ರಿ ಕಳೆಯುತ್ತಾಳೆಂದು ಭಾವ ಹೇಳಿದರು. ಅವರು ಕರ್ಪೂರದ ಎಣ್ಣೆ ಬಿಸಿ ಮಾಡಿ ಬೆನ್ನಿಗೆ ಹಚ್ಚುತ್ತಿದ್ದರು. ಮನೆಯೆಲ್ಲ ಅದರದೇ ವಾಸನೆ. ನಾಗರಪಂಚಮಿಗೆ ತಂಬಿಟ್ಟು ಮಾಡಿ ಕೊಟ್ಟ ನೆರೆಯವರಿಗೆ ಬೆನ್ನು ಹಿಡಿದುಕೊಂಡಿದೆ ಎಂದು ಹೇಳಿದೆವು.

ಅವಳು ನೋವೆಂದು ಹೇಳುತ್ತಿರಲಿಲ್ಲ. ನಾವು ಕೇಳುತ್ತಲೂ ಇರಲಿಲ್ಲ. ಹೆಂಗಿದೀಯಾ ಎಂದು ಕೇಳುತ್ತಿದ್ದೆ, ಅಡ್ಡಿಯಿಲ್ಲ ಎನ್ನುತ್ತಿದ್ದಳು. ಎಲ್ಲಿ ನೋಯುತ್ತದೆ, ಎಷ್ಟು ನೋಯುತ್ತದೆ ಎಂದು ಕೇಳಿದರೆ ಯಾಕೆ ನೋಯುತ್ತದೆ ಎಂಬಲ್ಲಿಗೆ ಮಾತು ಹೋಗುತ್ತದೆ. ಭಾವನಿಗೂ ನನಗೂ ಅದು ಗೊತ್ತಿತ್ತು.

ಭಾದ್ರಪದ ಬಂತು. ಆ ವರ್ಷ ಮನೆಯಲ್ಲಿ ಗಣಪತಿ ಕೂಡಿಸಲಿಲ್ಲ. ಚೌತಿಗೆ ಪತ್ರಿಕೆಗೆ ರಜೆಯಿದ್ದದ್ದರಿಂದ ನಾನು ಹರಿಹರದಲ್ಲಿದ್ದೆ. ಒಂದು ವಾರ ಹಿಡಿದ ಮಳೆ ಅಂದು ಬಿಟ್ಟು ಬಿಸಿಲು ಬಿದ್ದಿತ್ತು. ಹಿಂದಿನ ಓಣಿಯಲ್ಲಿ ಗಾದಿ ಹೊಲಿಯುವ ಒಬ್ಬ ಮುಸಲ್ಮಾನ ಮುದುಕರಿದ್ದರು. ಹತ್ತಿ ಹಿಂಜುವ ಬಿಲ್ಲನ್ನು ಹೆಗಲ ಮೇಲಿಟ್ಟುಕೊಂಡು ಮನೆಮನೆಗೆ ಹೋಗುವವರು. ಅಕ್ಕ ಅವರನ್ನು ಕಾಕಾ ಎನ್ನುತ್ತಿದ್ದಳು. ಭಾವ ವಾರದ ಹಿಂದೆಯೇ ಹೇಳಿ ಕಳಿಸಿದ್ದರಂತೆ, ಹತ್ತಿಗೆ ತೇವ ಹಿಡಿಯುತ್ತದೆಂದು ಬಿಸಿಲಿಗೆ ಕಾದಿದ್ದರು. ಅಂದು ಬಂದರು.

"ಹಬ್ಬದ ದಿನ ಬಂದೀನಿ, ಬೈಬ್ಯಾಡ ತಂಗೆವ್ವಾ. ನಾಳೆ ಮಳೆ ಬಂದ್ರ ನಾನು ಜವಾಬ್ದಾರಲ್ಲ."

"ಬರ್ರಿ ಕಾಕಾ. ಗಣಪ್ಪ ಬಂದಿಲ್ಲ, ನೀವಾದ್ರೂ ಬಂದ್ರಲ್ಲ."

"ಗಣಪ್ಪಗ ಕಡುಬು ಬೇಕು. ನನಗ ಚಾ ಸಾಕು."

ಜಗಲಿಯ ಮೇಲೆ ಹಳೆಯ ಗಾದಿಯನ್ನು ಬಿಚ್ಚಿ ಹತ್ತಿ ಹರಡಿದರು. ಗಂಟುಗಟ್ಟಿದ ಹತ್ತಿ. ಬಿಲ್ಲನ್ನು ಹಿಡಿದವರು ಹಿಂಜಲು ಶುರು ಮಾಡಲಿಲ್ಲ. ಅಕ್ಕನ ಕಡೆ ತಿರುಗಿ ಕೂತರು.

"ಈಗ ಹೇಳು. ಎಲ್ಲಿ ನೋಯ್ತೈತಿ?"

ಅಕ್ಕ ನನ್ನ ಮುಖ ನೋಡಿದಳು. ನಾನು ಏನೋ ಹೇಳಹೊರಟೆ. ಮುದುಕರು ನನ್ನ ಕಡೆ ನೋಡಲೇ ಇಲ್ಲ.

"ಗಾದಿ ಹೊಲಿಯೋನು ಕೇಳ್ಬೇಕಾಗ್ತೈತಿ. ಎಲ್ಲಿ ತಾಗಬಾರದು ಗೊತ್ತಿಲ್ದ ಹೆಂಗ ಹೊಲೀಲಿ? ಮ್ಯಾಲೋ, ನಡುಕೋ?"

"ನಡುಕೆ," ಎಂದಳು ಅಕ್ಕ. "ರವಿಕೆ ಮುಗಿಯೋ ಕಡೆಯಿಂದ ಒಂದು ಗೇಣು ಕೆಳಗಿನ ಮಟ."

"ಒಂದೇ ಸಮನೋ, ಬಂದು ಹೋಗ್ತೈತೋ?"

"ಒಂದೇ ಸಮ. ಕೆಮ್ಮಿದ್ರೆ ಜಾಸ್ತಿ."

"ಎಡಕ್ಕ ಮಗ್ಗುಲಾದ್ರ?"

"ಎಡಕ್ಕೆ ಆಗೋದೇ ಇಲ್ಲ ಕಾಕಾ. ಬಲಕ್ಕೆ ಒಂದು ಗಳಿಗೆ."

"ರಾತ್ರಿ ಎಷ್ಟು ಹೊತ್ತು ನಿದ್ದಿ?"

"ಇಲ್ಲ."

ಭಾವ ಒಳಬಾಗಿಲಲ್ಲಿ ನಿಂತಿದ್ದರು. ಆ ಮನೆಯಲ್ಲಿ ಎರಡು ತಿಂಗಳಲ್ಲಿ ಕೇಳದ ಪ್ರಶ್ನೆಗಳನ್ನೆಲ್ಲ ಆ ಮುದುಕರು ಚಹಾ ತಣ್ಣಗಾಗುವುದರೊಳಗೆ ಕೇಳಿ ಮುಗಿಸಿದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗಾದಿಯ ಅಳತೆ ಬರೆದು, ನಡುವೆ ಎರಡು ಗೆರೆ ಎಳೆದರು. ಒಂದೇ ಗಾದಿ ಬೇಡ, ಮೂರು ತುಂಡು ಮಾಡುತ್ತೇನೆ, ನಡುವಿನ ತುಂಡು ತೆಳ್ಳಗೆ, ನೋಯುವ ಜಾಗದ ಕೆಳಗೆ ಏನೂ ಒತ್ತದ ಹಾಗೆ ಎಂದು ಹೇಳಿದರು. ಆಮೇಲೆ ಬಿಲ್ಲಿನ ನರಕ್ಕೆ ಕೊಡತಿಯಿಂದ ಹೊಡೆದರು. ಮಧ್ಯಾಹ್ನದವರೆಗೆ ಆ ಸದ್ದೇ ಇತ್ತು. ಹತ್ತಿಯ ಎಳೆ ಭಾವನ ಮೀಸೆಯ ಮೇಲೆ ಕೂತಿತು. ಅಕ್ಕ ಅದನ್ನು ನೋಡಿ, ಒಂದೇ ದಿನಕ್ಕೆ ಮುದುಕ ಆದ್ರಿ ಎಂದಳು.

ಹೊರಡುವಾಗ ನನ್ನನ್ನು ಓಣಿಯ ತಿರುವಿನವರೆಗೆ ಕರೆದುಕೊಂಡು ಹೋಗಿ ಮುದುಕರು ಮಾತಾಡಿದರು.

"ನನ್ನ ತಮ್ಮಗ ಗಂಟ್ಲಾಗ ಇದಾ ಆಗಿತ್ತು. ಹೆಸರು ಹೇಳೋದು ಬ್ಯಾಡ, ನಿಮಗೂ ಗೊತ್ತೈತಿ. ಅವಂಗ ಕಡೀ ದಿನದಾಗ ನೋವಿನ ದವಾ ಬರ್ದು ಕೊಟ್ಟಿದ್ರು. ಸರ್ಕಾರಿ ಆಸ್ಪತ್ರಿಯಾಗ ಸಿಗ್ತಿತ್ತು. ಗಾದಿ ನಾನು ಮೆತ್ತಗ ಮಾಡ್ತೀನ್ರಿ, ಮೂಳಿ ಮೆತ್ತಗ ಮಾಡಾಕ ನನ್ನ ಕೈಲೆ ಆಗಲ್ಲ. ನಿಮ್ಮ ದೊಡ್ಡಾಸ್ಪತ್ರಿಯೋರು ನೋವಿಗೆ ಏನೂ ಬರದಿಲ್ಲೇನು?"

"ಬರೆದಿಲ್ಲ," ಎಂದೆ.

"ಕಾಗದ ಪೂರ್ತಿ ನೋಡೀರೇನು?"

ನೋಡಿದ್ದೇನೆ ಎಂದೆ. ಸಂಜೆಯ ರೈಲಿನಲ್ಲಿ ದಾವಣಗೆರೆಗೆ ಹೊರಟೆ. ಆಹಾರ, ಮಲಬದ್ಧತೆ, ನೋವು ಎಂಬ ಮೂರು ಪದ ನೆನಪಿತ್ತು. ಅವುಗಳ ನಡುವೆ ಏನಿತ್ತು ಎಂಬುದು ನೆನಪಿರಲಿಲ್ಲ.

ಮರುದಿನ ಬೆಳಗ್ಗೆ, ಹತ್ತಿ ಗಿರಣಿಯ ಸೈರನ್ ಕೂಗುವ ಹೊತ್ತಿಗೆ, ಆಫೀಸಿನ ಬಾಗಿಲು ತೆಗೆಸಿ ಡ್ರಾಯರು ಎಳೆದೆ. ಪತ್ರದ ಮೂಲೆಗೆ ಪ್ರೂಫಿನ ಶಾಯಿ ಹತ್ತಿತ್ತು. ಹಿಂಬದಿಯ ಐದು ಸಾಲನ್ನು ನಿಂತುಕೊಂಡೇ ಓದಿದೆ. ಕನ್ನಡದಲ್ಲಿ ಅದು ಹೀಗಾಗುತ್ತದೆ: ನೋವಿಗೆ ಮಾರ್ಫಿಯಾ ಮಿಶ್ರಣವನ್ನು ನಾಲ್ಕು ಗಂಟೆಗೊಮ್ಮೆ ಕುಡಿಸಬೇಕು. ನೋವು ಬರಲಿ ಎಂದು ಕಾಯಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಈ ಪತ್ರ ತೋರಿಸಿದರೆ ಕೊಡುತ್ತಾರೆ. ಅದರಿಂದಾಗುವ ಮಲಬದ್ಧತೆಗೆ ಹರಳೆಣ್ಣೆ, ಆಹಾರ ಆಕೆ ಕೇಳಿದ್ದು. ಇನ್ನು ಮುಂದೆ ಆಕೆಗೆ ಬೇಕಾದ ಚಿಕಿತ್ಸೆ ಇದೊಂದೇ.

ಮುಖ್ಯವಾದದ್ದನ್ನು ಡಾಕ್ಟರು ಕೊನೆಗೆ ಬರೆದಿದ್ದರು.

ಮೇಸ್ತ್ರಿ ಬಂದು ಮೊದಲ ಪುಟದ ಲೀಡ್ ಸುದ್ದಿ ಯಾವುದು ಎಂದು ಕೇಳಿದರು. ಮೇಜಿನ ಮೇಲಿದ್ದ ಕಾಗದಗಳಲ್ಲಿ ಒಂದನ್ನು ತೋರಿಸಿ, ಹತ್ತಕ್ಕೆ ಬರುತ್ತೇನೆಂದು ಹೇಳಿ ಸರ್ಕಾರಿ ಆಸ್ಪತ್ರೆಗೆ ಹೋದೆ.

ಹೆಂಗಸರ ವಿಭಾಗದಲ್ಲಿ ಒಬ್ಬ ಲೇಡಿ ಡಾಕ್ಟರಿದ್ದರು. ಮೈಸೂರಿನ ಕಡೆಯವರೆಂದು ಮಾತಿನಿಂದ ಗೊತ್ತಾಗುತ್ತಿತ್ತು. ಪತ್ರ ತೆಗೆದುಕೊಂಡವರು ಮೊದಲು ಹಾಳೆ ತಿರುಗಿಸಿ ಹಿಂಬದಿ ಓದಿದರು. ಆಮೇಲೆ ಮುಂಬದಿಗೆ ಬಂದು ತಾರೀಕು ನೋಡಿದರು. ತಲೆಯೆತ್ತಿ ನನ್ನನ್ನು ನೋಡಿದರು.

"ಇಷ್ಟು ದಿನ ಏನು ಕೊಡ್ತಿದ್ರಿ?"

"ಎ.ಪಿ.ಸಿ."

ಅವರು ಚೀಟಿ ಬರೆಯತೊಡಗಿದರು. ಮಾರ್ಫಿಯಾ ಎಂದರೆ ಅಫೀಮಲ್ಲವೇ, ಚಟವಾಗುವುದಿಲ್ಲವೇ ಎಂದು ಕೇಳಿದೆ. ಕೇಳಬಾರದಿತ್ತು.

"ಚಟ ಆಗೋದಕ್ಕೂ ಆಯುಷ್ಯ ಬೇಕಲ್ವಾ," ಎಂದರು. ಸಿಟ್ಟಿರಲಿಲ್ಲ. "ಗಡಿಯಾರ ನೋಡಿ ಕೊಡಿ. ಆಕೆ ಕೇಳೋ ತನಕ ಕಾಯ್ಬೇಡಿ. ಕೇಳೋ ಹಾಗಾದ್ರೆ ಆಗ್ಲೇ ತಡ ಆಗಿದೆ ಅಂತ ಅರ್ಥ."

ಕಾಂಪೌಂಡರು ಬೀಗ ಹಾಕಿದ ಕಪಾಟು ತೆಗೆದು ಔಷಧ ಅಳೆದು, ದಪ್ಪ ರಿಜಿಸ್ಟರಿನಲ್ಲಿ ನನ್ನ ಸಹಿ ಹಾಕಿಸಿಕೊಂಡರು. ಬಾಟಲಿಯ ಮೈಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿತ್ತು, ಒಂದು ಹಲ್ಲಿಗೆ ಒಂದು ಸಲದ ಔಷಧ. ಪತ್ರವನ್ನು ನಕಲು ಮಾಡಿಕೊಂಡು ವಾಪಸು ಕೊಟ್ಟರು. ಸಂಪಾದಕರಿಗೆ ಚೀಟಿ ಕಳಿಸಿ ನಾನು ಹರಿಹರದ ಬಸ್ಸು ಹತ್ತಿದೆ.

ಮಧ್ಯಾಹ್ನ ಎರಡಕ್ಕೆ ಮೊದಲ ಸಲ ಕುಡಿಸಿದೆವು. ಕಹಿ ಎಂದು ಮುಖ ಗಂಟಿಕ್ಕಿದಳು. ಮೂರರ ಹೊತ್ತಿಗೆ ಅವಳ ಭುಜ ಕೆಳಗಿಳಿದದ್ದನ್ನು ನೋಡಿದೆ. ಎರಡು ತಿಂಗಳಿಂದ ಅದು ಕಿವಿಯ ಕಡೆಗೆ ಎತ್ತಿಕೊಂಡೇ ಇತ್ತು ಎಂಬುದು ಇಳಿದ ಮೇಲೆ ಗೊತ್ತಾಯಿತು. ಮೂರು ತುಂಡಿನ ಗಾದಿಯ ಮೇಲೆ ಬಲಮಗ್ಗುಲಿಗೆ ಮಲಗಿಸಿದೆವು. ನಿದ್ದೆ ಹೋದಳು. ಭಾವ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಅವಳು ಉಸಿರಾಡುವುದನ್ನು ನೋಡುತ್ತಿದ್ದರು. ಅಂದು ಸಂಜೆ ಅವರು ಡ್ಯೂಟಿಗೆ ಹೋಗಲಿಲ್ಲ. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಹೇಳದೆ ತಪ್ಪಿಸಿದ್ದು ಅದೊಂದೇ ದಿನವಂತೆ.

ಔಷಧ ಕೊಡುವ ಕೆಲಸ ಭಾವನದಾಯಿತು. ಅವರು ಗಡಿಯಾರಕ್ಕಿಂತ ರೈಲನ್ನು ನಂಬುವವರು. ಬೆಳಗಿನ ಪ್ಯಾಸೆಂಜರಿಗೆ ಒಂದು, ಹತ್ತರ ಗೂಡ್ಸಿಗೆ ಒಂದು, ಊಟದ ಬಿಡುವಿಗೆ ಒಂದು, ಹೀಗೆ. ಗಾಡಿ ತಡವಾದರೆ ಮಾತ್ರ ಗಡಿಯಾರ ನೋಡುತ್ತಿದ್ದರು. ಸ್ಟೇಷನ್ನಿನಿಂದ ಮನೆಗೆ ನಾಲ್ಕು ನಿಮಿಷದ ದಾರಿ. ಬಂದು, ಚಮಚ ತೊಳೆದು, ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಹಲ್ಲು ನೋಡಿ, ಕುಡಿಸಿ ಹೋಗುತ್ತಿದ್ದರು.

ಮೊದಲ ಎರಡು ದಿನ ಅಕ್ಕ ಮಂಪರಿನಲ್ಲಿದ್ದಳು. ಮೂರನೆಯ ದಿನ ಎದ್ದು ಕೂತು, ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿರೆಂದು ಡಾಕ್ಟರ ಹೆಂಡತಿಗೆ ಹೇಳಿ ಕಳಿಸಿದಳು. ಹೆಸರಿಟ್ಟು ಒಂದೊಂದೇ ತಿಂಡಿ ಕೇಳತೊಡಗಿದಳು. ದಾವಣಗೆರೆಯಿಂದ ಖಾರ ಮಂಡಕ್ಕಿ ಒಯ್ದೆ, ನಾಲ್ಕು ಕಾಳು ತಿಂದು ಸಾಕೆಂದಳು. ಹರಳೆಣ್ಣೆಗೆ ಮಾತ್ರ ಜಗಳ. ಒಂದು ಬೆಳಗ್ಗೆ ಗೋಡೆ ಹಿಡಿದುಕೊಂಡು ಜಗಲಿಗೆ ಬಂದವಳು ಹಾಲಿನವಳ ತಂಬಿಗೆಯೊಳಗೆ ಇಣುಕಿದಳು.

"ನಾನು ಎದ್ದು ಬರಲ್ಲ ಅಂತ ಇಷ್ಟು ದಿನ ಹೊಳೆಯಾಗ ನಿಲ್ಲಿಸಿ ಎಮ್ಮೆ ಕರೀತಿದ್ದೆಯೇನೇ?"

"ನೀವು ಏಳ್ಲಿ ಅಂತಾನೆ ಕಾಯ್ತಿದ್ದೆ ಅಕ್ಕೋರೆ," ಎಂದಳು ಹಾಲಿನವಳು. "ಬೈಯೋರಿಲ್ದೆ ಎಮ್ಮೀನೂ ಬತ್ತಿತ್ತು."

ಭಾವ ಒಳಗಿನಿಂದ ಇದನ್ನು ಕೇಳಿಸಿಕೊಂಡು, ಸ್ಟೇಷನ್ನಿನಲ್ಲಿ ಯಾರಿಗೋ ಹೇಳಿದರಂತೆ. ಅವರು ಮನೆಯ ಮಾತನ್ನು ಹೊರಗೆ ಹೇಳಿದ್ದು ನಾನು ಬೇರೆ ಕೇಳಿಲ್ಲ.

ಎರಡನೆಯ ಭಾನುವಾರ ಅಕ್ಕ ಜಗಲಿಯ ಮೇಲೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಒಂದು ಸೇರಿಗೆ ಅರ್ಧ ದಿನ ಹಿಡಿಯುತ್ತಿತ್ತು, ಹಿಡಿಯಲಿ ಎಂದು ಭಾವ ಬಿಟ್ಟಿದ್ದರು. ನಾನು ಪಕ್ಕದಲ್ಲಿ ಕೂತೆ.

"ಆ ಕಾಗದ ತಂದೀಯೇನು?"

ಜೇಬಿನಲ್ಲಿತ್ತು.

"ಓದು. ಕಡೀಬ್ಯಾಡ."

ಓದಿದೆ. ಒಂದೊಂದು ಸಾಲನ್ನೂ ಕನ್ನಡ ಮಾಡುತ್ತ ಹೋದೆ. ಮೂರನೆಯ ಸಾಲಿನಲ್ಲಿ ಆ ಪದ ಬಂತು. ಆ ಮನೆಯಲ್ಲಿ ಯಾರೂ ಆಡದ ಪದ. ಆಡಿದೆ. ಅವಳ ಬೆರಳು ಅಕ್ಕಿಯ ಮೇಲೆ ಆಡುತ್ತಲೇ ಇತ್ತು.

"ಅದು ಗೊತ್ತು. ಆಸ್ಪತ್ರೆಯಾಗ ಪಕ್ಕದ ಮಂಚದಾಕೆ ಎರಡನೇ ದಿನಕ್ಕೇ ಹೇಳಿದ್ಲು. ಮುಂದೆ ಓದು."

ಹದಿನೆಂಟು ಸಾಲು ಮುಗಿಸಿ ಹಾಳೆ ತಿರುಗಿಸಿದೆ. ಹಿಂಬದಿಯ ಐದನ್ನೂ ಓದಿದೆ. ಅವಳು ಒಂದು ಕಲ್ಲನ್ನು ಬೆರಳ ತುದಿಯಲ್ಲಿ ಎತ್ತಿ ಅಂಗಳಕ್ಕೆ ಹಾಕಿದಳು.

"ಇದು ಅವತ್ತು ರೈಲಿನಾಗ ಓದಿದ ಕಾಗದಾನೇನು?"

"ಹೂಂ."

"ಔಷಧ ತರೋ ಹೊತ್ತಿಗೆ ಎಷ್ಟು ದಿನ ಆಗಿತ್ತು?"

"ಐವತ್ಮೂರು."

ನಾನು ಎಣಿಸಿ ಇಟ್ಟುಕೊಂಡಿದ್ದೆ. ಯಾರಾದರೂ ಕೇಳಿದರೆ ಸರಿಯಾದ ಸಂಖ್ಯೆ ಹೇಳಬೇಕು ಎಂಬುದು ಅಭ್ಯಾಸ.

ಅವಳು ಆರಿಸಿದ ಅಕ್ಕಿಯನ್ನು ಮೊರದ ಒಂದು ಬದಿಗೆ ಸರಿಸಿದಳು.

"ಸಣ್ಣೋನಿದ್ದಾಗ್ಲೂ ಹಂಗೇ ನೀನು," ಎಂದಳು. "ಮಜ್ಜಿಗೆ ಬಡಿಸೋ ಮೊದ್ಲೇ ಎಲೆ ಬಿಟ್ಟು ಎದ್ದು ಹೋಗ್ತಿದ್ದೆ."

"ನೀನಾದ್ರೂ ಯಾಕ ಹೇಳ್ಲಿಲ್ಲ, ನೋವು ಅಷ್ಟೈತೆ ಅಂತ?"

"ನೀವು ಕೇಳ್ಲಿಲ್ಲ. ನಾನು ಅತ್ರೆ ನಿಮಗೆ ಗೊತ್ತಾಗ್ತೈತೆ ಅಂದ್ಕೊಂಡೆ, ನನಗೆ ರೋಗ ಗೊತ್ತೈತೆ ಅಂತ. ಕೇಳಿದ್ದು ಕಾಕಾ ಒಬ್ರೆ. ಅದೂ ಗಾದಿ ಸಲುವಾಗಿ."

ಒಳಬಾಗಿಲಲ್ಲಿ ಚಮಚದ ಸದ್ದಾಯಿತು. ಭಾವ ಯಾವಾಗ ಬಂದಿದ್ದರೋ ತಿಳಿಯದು. ಎರಡು ಗಂಟೆಯಾಗಿತ್ತು. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಹಲ್ಲಿನಷ್ಟು ಕುಡಿಸಿ, ಅವಳ ಸೆರಗಿನಿಂದಲೇ ಬಾಯಿ ಒರೆಸಿದರು. ಆಮೇಲೆ ನನ್ನ ಕಡೆ ಕೈ ಚಾಚಿದರು. ಪತ್ರ ಕೊಟ್ಟೆ. ಗೋಡೆಯ ಮೇಲೆ ರೈಲ್ವೆ ರಸೀದಿಗಳನ್ನು ಚುಚ್ಚಿಡುವ ತಂತಿಯೊಂದಿತ್ತು. ಅದಕ್ಕೆ ಚುಚ್ಚಿ ಸ್ಟೇಷನ್ನಿಗೆ ಹೋದರು.

ಅಕ್ಕ ತೀರಿಕೊಂಡದ್ದು ಮಹಾಲಯ ಅಮಾವಾಸ್ಯೆಗೆ ಮೂರು ದಿನ ಮುಂಚೆ, ಬೆಳಗ್ಗೆ, ಪ್ಯಾಸೆಂಜರು ಬಂದು ಹೋದ ಮೇಲೆ. ಔಷಧ ಬಂದು ಇಪ್ಪತ್ತೆರಡು ದಿನ. ಕೊನೆಯ ನಾಲ್ಕು ದಿನ ಹೆಚ್ಚು ನಿದ್ದೆಯಲ್ಲೇ ಇದ್ದಳು. ಬಲಮಗ್ಗುಲಿಗೆ ಮಲಗಿದ್ದಳು. ಕಾಕಾ ಬಂದು ಅಂಗಳದಲ್ಲಿ ನಿಂತು ಹೋದರು. ಮೂರು ತುಂಡು ಗಾದಿಯನ್ನು ಏನು ಮಾಡಬೇಕೆಂದು ಭಾವ ಕೇಳಿದಾಗ, ಹತ್ತಿರದ ಕೊಂಡಜ್ಜಿ ಊರಿನಲ್ಲಿ ಒಬ್ಬರಿಗೆ ಬೆನ್ನು ಮುರಿದಿದೆ, ಕೊಟ್ಟು ಬರುತ್ತೇನೆ ಎಂದು ಹೊತ್ತುಕೊಂಡು ಹೋದರು. ಕೊನೆಯ ಬಾಟಲಿಯಲ್ಲಿ ಐದು ಹಲ್ಲು ಉಳಿದಿತ್ತು. ನಾನು ಅದನ್ನು ಆಸ್ಪತ್ರೆಗೆ ಹಿಂದಿರುಗಿಸಿ ರಿಜಿಸ್ಟರಿನಲ್ಲಿ ಸಹಿ ಹಾಕಿದೆ.

ನಿಧನವಾರ್ತೆ ನಾನೇ ಬರೆದೆ. ನಾಲ್ಕು ಸಾಲು. ಕ್ಯಾನ್ಸರಿನಿಂದ ಎಂದು ಬರೆದಿದ್ದೆ. ಮೇಸ್ತ್ರಿ ಮೊಳೆ ಜೋಡಿಸುವ ಮುಂಚೆ ಹಾಳೆ ಹಿಡಿದುಕೊಂಡು ನನ್ನ ಮೇಜಿಗೆ ಬಂದರು.

"ಇದು ಹಿಂಗೇ ಹೋಗ್ಲೇನ್ರಿ?"

"ಹಿಂಗೇ ಹೋಗ್ಲಿ."

ಅವರು ತಲೆಯಾಡಿಸಿ ಒಳಗೆ ಹೋದರು. ಪೂರ್ತಿ ಹೋಯಿತು.

ನಾಲ್ಕು ವರ್ಷದ ಮೇಲೆ ಭಾವನಿಗೆ ನಿವೃತ್ತಿಯಾಯಿತು. ಅವರ ತಮ್ಮನ ಊರಿಗೆ ಹೊರಟಿದ್ದರು, ಬೀಳ್ಕೊಡಲು ನಾನು ಹರಿಹರಕ್ಕೆ ಹೋಗಿದ್ದೆ. ಅದೇ ಪ್ಲಾಟ್‌ಫಾರಮ್ಮು. ಅಷ್ಟು ವರ್ಷವೂ ತಿಂಗಳಿಗೊಮ್ಮೆ ಭೇಟಿಯಾಗುತ್ತಿದ್ದೆವು. ಮಳೆ, ರಜೆ, ರೈಲಿನ ಹೊಸ ವೇಳಾಪಟ್ಟಿ ಇಂಥವನ್ನು ಮಾತಾಡುತ್ತಿದ್ದೆವು. ಪತ್ರದ ಮಾತು ಬಂದಿರಲಿಲ್ಲ. ಗಾಡಿ ಇಪ್ಪತ್ತು ನಿಮಿಷ ತಡವೆಂದು ಹಲಗೆಯ ಮೇಲೆ ಬರೆದಿತ್ತು. ಭಾವ ಟ್ರಂಕಿನ ಮೇಲೆ ಕೂತಿದ್ದರು.

"ಐವತ್ಮೂರು ಅಂದಿದ್ದೆ ನೀನು," ಎಂದರು.

ನನಗೆ ತಕ್ಷಣ ಅರ್ಥವಾಯಿತು.

"ಹೌದು."

"ಅದು ತಪ್ಪು. ನೀನು ಲಕೋಟೆ ಒಡೆದ ದಿನದಿಂದ ಎಣಿಸಿದ್ದೀ. ಕಾಗದದ ಮೇಲೆ ತಾರೀಕು ಐತೆ. ಅಲ್ಲಿಂದ ಎಣಿಸಬೇಕು. ಬೆಂಗಳೂರಿನಾಗ ಉಳಿದ ದಿನಾನೂ ಆಕೆಗೆ ನೋವಿತ್ತು. ಐವತ್ತಾರು."

ಧ್ವನಿಯಲ್ಲಿ ಏನೂ ಇರಲಿಲ್ಲ. ಗೂಡ್ಸಿನ ಚೀಟಿಯಲ್ಲಿ ಮೂಟೆ ತಪ್ಪು ಬಿದ್ದಿದ್ದರೆ ಹೇಳುತ್ತಿದ್ದ ಹಾಗೇ ಹೇಳಿದರು. ನಾನು ಮನಸ್ಸಿನಲ್ಲೇ ಮತ್ತೊಮ್ಮೆ ಎಣಿಸಿ ನೋಡಿದೆ. ತಿದ್ದುಪಡಿ ಸರಿಯಾಗಿತ್ತು.

"ಐವತ್ತಾರು," ಎಂದೆ.

ಗಾಡಿ ಬಂತು. ಟ್ರಂಕನ್ನು ಇಬ್ಬರೂ ಹಿಡಿದು ಒಳಗೆ ಏರಿಸಿದೆವು.